ಪಾಕದ ಬೆರಳು

ನನ್ನ ಎಡತೋಳಿನ ಹಿಂಬದಿಯಲ್ಲಿ ಈಗ ಒಂದು ಬಿಳಿ ಗುಂಡಿ ಅಂಟಿಕೊಂಡಿದೆ. ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ಒಂದು ಸುತ್ತು ದೊಡ್ಡದು. ರವಿಕೆಯ ತೋಳು ಅದನ್ನು ಮುಚ್ಚುವುದಿಲ್ಲವಾದ್ದರಿಂದ ಮನೆಗೆ ಬಂದವರೆಲ್ಲ ಮೊದಲು ಅದನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಾರೆ. ಅದರೊಳಗಿನಿಂದ ಕೂದಲೆಳೆಯಂಥ ಒಂದು ತಂತು ಚರ್ಮದೊಳಕ್ಕೆ ಇಳಿದು ಕುಳಿತು, ನಾನು ಎದ್ದಾಗ, ಮಲಗಿದಾಗ, ಕದ್ದು ಒಂದು ಚೂರು ಹೋಳಿಗೆ ಬಾಯಿಗಿಟ್ಟಾಗ, ನನ್ನ ಸಕ್ಕರೆ ಎಷ್ಟೆಂದು ಎಣಿಸುತ್ತಲೇ ಇರುತ್ತದೆ. ಎಣಿಸಿದ್ದನ್ನು ಫೋನಿಗೆ ಚಾಡಿ ಹೇಳುತ್ತದೆ. ಫೋನು ಒಂದು ಅಂಕಿ ತೋರಿಸಿ, ಪಕ್ಕದಲ್ಲಿ ಒಂದು ಬಾಣ ಇಡುತ್ತದೆ. ಬಾಣ ಅಡ್ಡ ಮಲಗಿದ್ದರೆ ಕ್ಷೇಮ. ಮೇಲಕ್ಕೆ ಮುಖ ಮಾಡಿದ್ದರೆ ಏರುತ್ತಿದೆ. ಕೆಳಕ್ಕೆ ಮಾಡಿದ್ದರೆ ಇಳಿಯುತ್ತಿದೆ. ಆಗ ಫೋನು ಚೀರಿಕೊಳ್ಳುತ್ತದೆ.

ಆ ಕೆಳಮುಖದ ಬಾಣ ಕಂಡರೆ ನನಗೆ ಹೆದರಿಕೆ. ಎಪ್ಪತ್ತೆಂಟರ ಮುದುಕಿ ಯಾವುದಕ್ಕೆ ಹೆದರಬೇಕು ಹೇಳಿ? ಹೆಗ್ಗಡದೇವನಕೋಟೆ ಕಡೆಯ ನೆಂಟರ ಮನೆಯಲ್ಲಿ, ಹೊಲದ ಅಂಚಿಗೆ ಬಂದು ನಿಂತ ಕಾಡಾನೆಯನ್ನು ಕಿಟಕಿಯಲ್ಲಿ ನೋಡುತ್ತಲೇ ಕಾಫಿ ಮುಗಿಸಿದವಳು ನಾನು. ಆದರೆ ಅಂಕಿ ಎಂದರೆ ಆಗುವುದಿಲ್ಲ.

ಗುಂಡಿ ಅಂಟಿಸುವವಳು ಚೇತನಾ. ನನ್ನ ವಾರಗಿತ್ತಿಯ, ಅಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿಯ, ಮೊಮ್ಮಗಳು. ಕೆ.ಆರ್. ನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಎರಡು ವಾರಕ್ಕೊಮ್ಮೆ ಭಾನುವಾರ ಬಸ್ಸು ಹತ್ತಿ ಬಂದು ಹಳೆಯದನ್ನು ಕಿತ್ತು ಹೊಸದನ್ನು ಒತ್ತಿ ಹೋಗುತ್ತಾಳೆ. ಕಳೆದ ಸಲ ಬಂದಾಗ ನನ್ನ ಒಂದು ಚಾಳಿಯನ್ನು ಹಿಡಿದುಬಿಟ್ಟಳು. ಫೋನು ಚೀರಿತು. ನಾನು ಎದ್ದು ಬಚ್ಚಲಿಗೆ ಹೋದೆ. ಸೋಪು ಹಚ್ಚಿ ಕೈ ತೊಳೆದೆ. ಒಂದೊಂದೇ ಬೆರಳನ್ನು ಟವೆಲಿನಲ್ಲಿ ಒರೆಸಿಕೊಂಡೆ. ಆಮೇಲೆ ಬಂದು ಫೋನು ಎತ್ತಿಕೊಂಡೆ.

"ಚಿಕ್ಕಜ್ಜೀ, ಸೆನ್ಸರ್ ಇರೋದು ತೋಳಲ್ಲಿ. ಕೈ ತೊಳೆದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಲೋ ಆದಾಗ ಮೊದ್ಲು ಬಾಯಿಗೆ ಏನಾದ್ರೂ ಹಾಕ್ಕೋಬೇಕು, ಬಚ್ಚಲಿಗೆ ಹೋಗೋದಲ್ಲ!"

"ಕಾನ್ವೆಂಟ್ ಹ್ಯಾಬಿಟ್ ಕಣೆ," ಎಂದೆ.

ಪೂರ್ತಿ ಸುಳ್ಳೇನಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ನಾನು ಎಂಟು ವರ್ಷ ಹಾಸ್ಟೆಲಿನಲ್ಲಿದ್ದೆ. ಬೆಳಗಿನ ಪ್ರೇಯರ್ ಮುಗಿದ ಮೇಲೆ ಸಿಸ್ಟರ್ ಒಬ್ಬರು ಸಾಲಿನುದ್ದಕ್ಕೂ ಬರುತ್ತಿದ್ದರು. "ಪಾಮ್ಸ್ ಅಪ್!" ನಲವತ್ತು ಅಂಗೈಗಳು ಮೇಲಕ್ಕೆ. "ಪಾಮ್ಸ್ ಡೌನ್!" ನಲವತ್ತು ಉಗುರುಸಾಲುಗಳು. ಮಸಿ ಇದ್ದರೆ, ಮಣ್ಣಿದ್ದರೆ, ಮರದ ಸ್ಕೇಲು ಗಿಣ್ಣಿನ ಮೇಲೆ ಬೀಳುತ್ತಿತ್ತು. ಎಂಟು ವರ್ಷದಲ್ಲಿ ಒಂದೇ ಒಂದು ಸಲವೂ ನನಗೆ ಬಿದ್ದಿರಲಿಲ್ಲ. ಗಣಿತದಲ್ಲಿ ಮೂವತ್ತೆಂಟು ಬರುತ್ತಿತ್ತು, ಹೊಲಿಗೆಯಲ್ಲಿ ಸಿಸ್ಟರ್ ಅಳುವಷ್ಟು ವಕ್ರ. ಆದರೆ ಕೈಯಲ್ಲಿ ಮಾತ್ರ ನಾನು ಫಸ್ಟ್ ಕ್ಲಾಸ್. ಇಂಥವಳೇ ಆ ತಪ್ಪು ಮಾಡಿದ್ದು. ಅದನ್ನು ಹೇಳಲೆಂದೇ ಕುಳಿತಿದ್ದೇನೆ, ಆದರೂ ನೋಡಿ, ಕಾನ್ವೆಂಟಿನ ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದೇನೆ. ಹೆದರುಪುಕ್ಕಲರು ಹೀಗೇ.

ಅಂಕಿಗಿಂತ ಮುಂಚೆ ನನ್ನನ್ನು ಹೆದರಿಸಿದ್ದು ಬಣ್ಣ. ನಮ್ಮಪ್ಪ ಹುಣಸೂರಿನ ಮರದ ಡಿಪೋದಲ್ಲಿ ರೈಟರಾಗಿದ್ದರು. ರಜೆಗೆ ಊರಿಗೆ ಬಂದರೆ ಮನೆಯೆಲ್ಲ ತೇಗದ ಹೊಟ್ಟಿನ ವಾಸನೆ. ಬೆಳಿಗ್ಗೆ ಎದ್ದರೆ ಬಚ್ಚಲ ಹಿಂದೆ ಅಪ್ಪ ಸ್ಪಿರಿಟ್ ದೀಪ ಹಚ್ಚಿಕೊಂಡು ಕುಕ್ಕರಗಾಲಿನಲ್ಲಿ ಕುಳಿತಿರುತ್ತಿದ್ದರು. ಕೈಯಲ್ಲಿ ಗಾಜಿನ ನಳಿಗೆ, ಅದರಲ್ಲಿ ಸಕ್ಕರೆ ಪತ್ತೆಹಚ್ಚುವ ನೀಲಿ ದ್ರಾವಣ. ಅದಕ್ಕೆ ಅಮ್ಮನ ಮೂತ್ರದ ಎಂಟು ಹನಿ. ನಾನೂ ನನ್ನ ತಮ್ಮನೂ ಎದುರಿಗೆ ಕುಳಿತು ನೋಡುತ್ತಿದ್ದೆವು. ಕಾದ ಮೇಲೂ ನೀಲಿ ನೀಲಿಯಾಗಿಯೇ ಉಳಿದರೆ ಅಪ್ಪ ಸಣ್ಣಗೆ ಶಿಳ್ಳೆ ಹಾಕುತ್ತ ಏಳುತ್ತಿದ್ದರು. ಹಸಿರಾದರೆ ಮಾತಿಲ್ಲ. ಹಳದಿಯಾದರೆ ಅಮ್ಮನಿಗೆ ಅವತ್ತು ಸಕ್ಕರೆ ಹಾಕಿದ ಕಾಫಿ ಇಲ್ಲ. ಕೆಲವು ದಿನ ಹಳದಿಯೂ ನಿಲ್ಲದೆ, ನಮ್ಮ ಕಣ್ಣೆದುರಿಗೇ ಕೆಂಪಾಗಿ, ಹೊಸ ಹೆಂಚಿನ ಬಣ್ಣಕ್ಕೆ ತಿರುಗುತ್ತಿತ್ತು. ಆಗ ಅಪ್ಪ ಅದನ್ನು ಗಿಡದ ಬುಡಕ್ಕೆ ಚೆಲ್ಲಿ, ಅಮ್ಮನಿಗೆ ಕೇಳುವಂತೆ "ಎಲ್ಲೋ ಒಂಚೂರು ಹಸಿರು" ಎನ್ನುತ್ತಿದ್ದರು. ಅಮ್ಮ ಬಾಗಿಲ ಹಿಂದೆಯೇ ನಿಂತಿರುತ್ತಿದ್ದಳು.

ಮೊದಲು ಅವಳ ಕಾಲಿನ ಒಂದು ಬೆರಳು ಹೋಯಿತು. ಆಮೇಲೆ ಪಾದವೇ. ಹೊಸಿಲ ಪಕ್ಕದಲ್ಲಿ ಅವಳ ಒಂಟಿ ಚಪ್ಪಲಿ ಬಹಳ ದಿನ ಇತ್ತು. ಬಿಸಾಡಬೇಕೆಂದು ಯಾರಿಗೂ ಹೊಳೆಯಲಿಲ್ಲವೋ, ಧೈರ್ಯ ಬರಲಿಲ್ಲವೋ. ತವರಿನಿಂದ ನನಗೆ ಹೇಳಿಕೊಳ್ಳುವಂಥ ಒಡವೆ ಬರಲಿಲ್ಲ. ಬಂದದ್ದು ಎರಡು: ಸಕ್ಕರೆ ಕಾಯಿಲೆ ಮತ್ತು ಆ ಚಪ್ಪಲಿಯ ಹೆದರಿಕೆ.

ಮದುವೆಯಾಗಿ ಸೇರಿದ್ದು ಪಿರಿಯಾಪಟ್ಟಣ ತಾಲ್ಲೂಕಿನ, ರಾವಂದೂರಿಗೆ ಹತ್ತಿರದ ಒಂದು ಹಳ್ಳಿಗೆ. ಹೊಗೆಸೊಪ್ಪು, ರಾಗಿ, ಒಂದಿಷ್ಟು ಜೋಳ. ವಾರಗಿತ್ತಿ ಪುಟ್ಟತಾಯಮ್ಮ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಾನು "ಅಕ್ಕ" ಎನ್ನುತ್ತಿದ್ದೆ. ಅವರು ನನಗೆ "ಇಂಗ್ಲೀಸವ್ವ" ಎನ್ನುತ್ತಿದ್ದರು. ಒಲೆ ಊದಲು ಬಾರದ ನನಗೆ ಊದುಗೊಳವೆ ಹಿಡಿಯುವುದನ್ನು ಕಲಿಸಿ, ನಾನು ಕೆಮ್ಮಿದಾಗ "ಇದ ಕಲಿಸ್ನಿಲ್ವಾ ನಿಮ್ಮ ಸಿಸ್ಟ್ರಮ್ಮ್ಗೋಳು?" ಎಂದು ನಕ್ಕವರು. ಅವರಿಗೂ ಸಕ್ಕರೆ ಕಾಯಿಲೆ, ನನಗಿಂತ ಐದು ವರ್ಷ ಹಳೆಯದು.

ಆದರೆ ಸುತ್ತ ನಾಲ್ಕು ಹಳ್ಳಿಗೆ ಅಕ್ಕ ಗೊತ್ತಿದ್ದದ್ದು ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ. ಎಳ್ಳು ಬೀರುವ ತಟ್ಟೆಯಲ್ಲಿ ಎಳ್ಳುಬೆಲ್ಲದ ಜೊತೆ ಇಡುವ ಆನೆ, ಗಿಳಿ, ಬಾಳೆಗೊನೆ, ತುಳಸಿಕಟ್ಟೆ, ಎಲ್ಲ ಬಿಳೀ ಸಕ್ಕರೆಯವು. ಅದಕ್ಕೆ ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ದಾರ ಸುತ್ತಿ ನಿಲ್ಲಿಸಿ, ಹಾಲು ಹಾಕಿ ಕೊಳೆ ತೆಗೆದ ಸಕ್ಕರೆ ಪಾಕವನ್ನು ಹದ ನೋಡಿ ಸುರಿಯಬೇಕು. ಒಂದು ಕ್ಷಣ ಮೊದಲಾದರೆ ಗಿಳಿ ಅಚ್ಚಿಗೇ ಅಂಟಿ ಬಿಡುವುದಿಲ್ಲ, ಒಂದು ಕ್ಷಣ ತಡವಾದರೆ ಪಾತ್ರೆಯಲ್ಲೇ ಕಲ್ಲು. ಆ ಕ್ಷಣ ಅಕ್ಕನ ಹೆಬ್ಬೆರಳಿಗೂ ತೋರುಬೆರಳಿಗೂ ಗೊತ್ತಿತ್ತು. ಸೌಟಿನ ತುದಿಯಿಂದ ಒಂದು ಹನಿ ತೆಗೆದು, ಎರಡು ಬೆರಳ ನಡುವೆ ಒತ್ತಿ, ಬಿಡಿಸಿ, ನಡುವೆ ಎದ್ದ ಎಳೆಯನ್ನು ಬೆಳಕಿಗೆ ಹಿಡಿದು ನೋಡುವರು. ನಾಲಿಗೆಗೆ ಮಾತ್ರ ಹನಿಯನ್ನೂ ಸೋಕಿಸುವವರಲ್ಲ. ನಾನು ಎಚ್ಚರಿಸಿದರೆ ಉತ್ತರ ಸಿದ್ಧ: "ನಾಲ್ಗೆಗೆ ಬ್ಯಾಡ ಅಂದವ್ರೆ ಡಾಕ್ಟ್ರು. ಬೆರ್ಳಿಗೆ ಬ್ಯಾಡ ಅಂದವ್ರಾ?"

ಎರಡು ಸಾವಿರದ ಇಸವಿಯ ಆಸುಪಾಸು ಇರಬೇಕು, ಮೈಸೂರಿನಲ್ಲಿ ಮೆಡಿಕಲ್ ರೆಪ್ ಆಗಿದ್ದ ನನ್ನ ತಮ್ಮ ಮನೆಯಲ್ಲೇ ರಕ್ತ ನೋಡುವ ಒಂದು ಮೆಷಿನ್ ತಂದುಕೊಟ್ಟ. ನಮ್ಮ ಹಳ್ಳಿಗೆ ಅದು ಮೊದಲನೆಯದು. ಜೊತೆಗೊಂದು ಇಂಗ್ಲಿಷ್ ಪುಸ್ತಕ. ಆಹಾ, ನನ್ನ ಜಂಬ ನೋಡಬೇಕಿತ್ತು! ಮೂವತ್ತು ವರ್ಷ ಸಗಣಿ, ಸೊಪ್ಪು, ಮುದ್ದೆಯ ನಡುವೆ ಮಂಕಾಗಿದ್ದ ನನ್ನ ಇಂಗ್ಲಿಷಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಕನ್ನಡಕ ಏರಿಸಿ, ಪೆನ್ಸಿಲಿನಿಂದ ಗೆರೆ ಎಳೆದು, ಜೋರಾಗಿ ಓದಿದೆ. ಮನೆಯವರೆಲ್ಲ ಹರಿಕಥೆ ಕೇಳುವವರ ಹಾಗೆ ಕುಳಿತು ಕೇಳಿದರು.

ಮೊದಲನೆಯ ಸೂಚನೆ: ಸೋಪು ಮತ್ತು ಬಿಸಿನೀರಿನಿಂದ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಓದಿ, ನಕ್ಕು, ಮುಂದಿನ ಸಾಲಿಗೆ ಹಾರಿದೆ. ಇದು ಬ್ರೆಡ್ಡು ತಿಂದು ಕಾಗದದಲ್ಲಿ ಕೈ ಒರೆಸಿಕೊಳ್ಳುವ ಫಾರಿನ್ನಿನವರಿಗೆ ಬರೆದದ್ದು ಎಂದುಕೊಂಡೆ. ನಮ್ಮ ಹೆಂಗಸರ ಕೈ ದಿನಕ್ಕೆ ನೂರು ಸಲ ನೀರು ಕಾಣುತ್ತದಲ್ಲ!

ಬೆರಳಿಗೆ ಚುಚ್ಚಿ, ಮೆಷಿನ್ನಿಗೆ ಸಿಕ್ಕಿಸಿದ ಪಟ್ಟಿಯ ತುದಿಗೆ ರಕ್ತ ತಾಗಿಸಿದರೆ, ಆ ಮೆಷಿನ್ ತಕ್ಷಣ ಏನೂ ಹೇಳುತ್ತಿರಲಿಲ್ಲ. ನಲವತ್ತೈದರಿಂದ ಹಿಂದಕ್ಕೆ ಎಣಿಸುತ್ತಿತ್ತು. ನಲವತ್ತನಾಲ್ಕು, ನಲವತ್ತಮೂರು... ನನಗೆ ಅಷ್ಟು ಹೊತ್ತೂ ಬಚ್ಚಲ ಹಿಂದಿನ ಸ್ಪಿರಿಟ್ ದೀಪವೇ ಕಣ್ಣ ಮುಂದೆ. ಅಕ್ಕ ಕಣ್ಣು ಮುಚ್ಚಿ ಮನೆದೇವರ ಹೆಸರು ಹೇಳಿಕೊಳ್ಳುತ್ತಿದ್ದರು. ಅಂಕಿ ಬಂದ ಮೇಲೆ ಅವರು ಮೆಷಿನ್ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಪಟ್ಟಿಗಳನ್ನು ತಮ್ಮನೇ ಮೈಸೂರಿನಿಂದ ತರಬೇಕಾಗಿತ್ತು; ಆದ್ದರಿಂದ ವಾರಕ್ಕೊಮ್ಮೆ ಅಕ್ಕನಿಗೊಂದು, ನನಗೊಂದು. ಅಕ್ಕನ ಅಂಕಿ ಒಮ್ಮೆಯೂ ಇನ್ನೂರಿಪ್ಪತ್ತು ದಾಟಿರಲಿಲ್ಲ.

ಸಂಕ್ರಾಂತಿಗೆ ಎರಡು ದಿನ ಇತ್ತು. ಗಂಡಸರೆಲ್ಲ ಹೊಗೆಸೊಪ್ಪಿನ ಹರಾಜಿಗೆ ಹೋಗಿದ್ದರು. ಬೆಳಗಿನಿಂದ ಅಕ್ಕ ಒಲೆಯ ಮುಂದೆ; ನಾನು ಅಚ್ಚುಗಳಿಗೆ ದಾರ ಸುತ್ತುವವಳು. ಹನ್ನೊಂದು ಗಂಟೆಗೆ ನೆನಪಾಗಿ ಮೆಷಿನ್ ತಂದೆ. ಡಬ್ಬಿಯಲ್ಲಿ ಉಳಿದಿದ್ದದ್ದು ಒಂದೇ ಪಟ್ಟಿ. ಹಬ್ಬಕ್ಕೆ ಬರುವ ತಮ್ಮ ಹೊಸ ಡಬ್ಬಿ ತರುವವನಿದ್ದ.

"ನೀನೇ ನೋಡ್ಕಳವ್ವ, ನಂದೇನಿದ್ದದು," ಎಂದರು ಅಕ್ಕ.

"ಇಲ್ಲ ಅಕ್ಕ, ಇವತ್ತು ನಿಮ್ಮ ಟರ್ನ್."

ಅವರು ಎದ್ದು ಬಂದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ತೋರುಬೆರಳು ಚಾಚಿದರು. ಚುಚ್ಚಿದೆ. ನಲವತ್ತೈದು, ನಲವತ್ತನಾಲ್ಕು. ಸೊನ್ನೆಗೆ ಬಂದು ನಿಂತಿತು. ಅಂಕಿ ಬಂತು. ನಾನೂರ ಅರವತ್ತೆಂಟು.

ಅಕ್ಕ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಅವರು ಏನು ಕಂಡರೋ, "ಕಾಲು ತಗೀತಾರಾ?" ಎಂದು ಕೇಳಿದರು.

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಅವರಿಗೂ ಅದೇ ಹೆದರಿಕೆ ಎಂದು ನನಗೆ ಗೊತ್ತಿರಲಿಲ್ಲ. ಆ ಮಾತು ಕೇಳಿದ ಮೇಲೆ ನನ್ನ ಬುದ್ಧಿ ಕೆಲಸ ಮಾಡಲಿಲ್ಲ. ಕೆಲಸ ಮಾಡಿದ್ದು ನನ್ನ ಓದು, ಅದೂ ಅರ್ಧಂಬರ್ಧ. ಸಂಜೆ ನುಂಗುವ ಮಾತ್ರೆಯನ್ನು ಆಗಲೇ ಕೊಟ್ಟೆ. ಸಾಲದೆಂದು ಇನ್ನೊಂದು ಕೊಟ್ಟೆ. "ಮಧ್ಯಾಹ್ನ ಮುದ್ದೆ ಬೇಡ ಅಕ್ಕ, ಏನೂ ಬೇಡ. ಬರೀ ಮಜ್ಜಿಗೆ. ಸಂಜೆಗೆ ಇಳಿದುಬಿಡುತ್ತೆ, ನೋಡಿ," ಎಂದು ಕ್ಲಾಸ್ ಟೀಚರ್ ಹಾಗೆ ಹೇಳಿದೆ. ಪಿರಿಯಾಪಟ್ಟಣದ ಡಾಕ್ಟರಿಗೆ ಒಂದು ಫೋನ್ ಮಾಡಬಹುದಿತ್ತು; ರಸ್ತೆಯ ತಿರುವಿನ ಅಂಗಡಿಯಲ್ಲಿ ಫೋನ್ ಇತ್ತು. ಮಾಡಲಿಲ್ಲ. ಪುಸ್ತಕ ನನ್ನ ಹತ್ತಿರವೇ ಇತ್ತಲ್ಲ.

ಅಕ್ಕ ತಲೆಯಾಡಿಸಿ ಎರಡು ಮಾತ್ರೆಯನ್ನೂ ನುಂಗಿ, ಮತ್ತೆ ಒಲೆಯ ಮುಂದೆ ಕುಳಿತರು.

ಮೂರೂವರೆಯ ಹೊತ್ತಿಗೆ ಅವರು ಪಾಕವನ್ನು ಅಚ್ಚಿಗೆ ಸುರಿಯುವ ಬದಲು ಪಕ್ಕದ ನೆಲಕ್ಕೆ ಸುರಿದರು. ನಾನು ಬೈದೆ. ಅವರು ತಿರುಗಿ ನೋಡಿದ ನೋಟದಲ್ಲಿ ನಾನು ಇರಲಿಲ್ಲ. "ಅತ್ತೆ, ಎಮ್ಮೆ ಬುಟ್ರಾ?" ಎಂದರು. ನಮ್ಮತ್ತೆ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಹಣೆಯಿಂದ, ಕುತ್ತಿಗೆಯಿಂದ ಬೆವರು ಧಾರೆ ಇಳಿಯುತ್ತಿತ್ತು. ಪುಷ್ಯದ ಚಳಿಯಲ್ಲಿ ಒಲೆಯ ಕಾವಿನ ಬೆವರು ಹಾಗಿರುವುದಿಲ್ಲ. ಮುಟ್ಟಿದರೆ ಮೈ ಹಸಿ ಗೋಡೆಯಂತೆ ತಣ್ಣಗೆ. ಕೈ ನಡುಗುತ್ತಿತ್ತು.

ನನಗೆ ಅನ್ನಿಸಿದ್ದು ಒಂದೇ: ಸಕ್ಕರೆ ಇನ್ನೂ ಏರಿದೆ, ತಲೆಗೆ ಹತ್ತಿದೆ. ನೋಡೋಣವೆಂದರೆ ಪಟ್ಟಿ ಇಲ್ಲ. ಓಡಿಹೋಗಿ ಇನ್ನೊಂದು ಮಾತ್ರೆ ತಂದೆ. ಹೌದು, ಇನ್ನೊಂದು. "ಬಾಯಿ ತೆಗೀರಿ ಅಕ್ಕ," ಎಂದರೆ ಹಲ್ಲು ಕಚ್ಚಿಕೊಂಡರು. ಹಾಗಾದರೆ ಕೈಗೇ ಕೊಡೋಣ, ಅಭ್ಯಾಸಬಲದಿಂದ ಬಾಯಿಗೆ ಹಾಕಿಕೊಂಡಾರು ಎಂದು, ಅವರ ಮುಷ್ಟಿ ಬಿಡಿಸಿದೆ.

ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದಾಗ ನಡುವೆ ಒಂದು ಎಳೆ ಎದ್ದಿತು.

ಆ ಎಳೆಯನ್ನು ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಬೆಳಿಗ್ಗೆ ನಾನು ಚುಚ್ಚಿದ್ದು ಇದೇ ಬೆರಳು. ಮೆಷಿನ್ ಎಣಿಸಿದ್ದು ಅಕ್ಕನ ರಕ್ತವನ್ನಲ್ಲ, ಗಿಳಿಯ ಪಾಕವನ್ನು. ಸೋಪು ಮತ್ತು ಬಿಸಿನೀರು. ಪುಸ್ತಕದ ಮೊದಲನೆಯ ಸಾಲು. ಪಾಮ್ಸ್ ಅಪ್. ಏರಿಲ್ಲದ ಸಕ್ಕರೆಯನ್ನು ಇಳಿಸಲು ನಾನು ಎರಡು ಮಾತ್ರೆ ಕೊಟ್ಟು, ಊಟ ಕಿತ್ತುಕೊಂಡು, ಈಗ ಮೂರನೆಯದನ್ನು ಹಿಡಿದು ನಿಂತಿದ್ದೇನೆ. ಮಾತ್ರೆ ಅಕ್ಕನ ಅಂಗೈಗೆ ಅಂಟಿಕೊಂಡುಬಿಟ್ಟಿತ್ತು. ಅದನ್ನು ಉಗುರಿನಿಂದ ಕಿತ್ತು ಒಲೆಗೆ ಎಸೆದೆ.

ಮೊರದಲ್ಲಿ ಅವರೇ ಎರೆದ ಅಚ್ಚುಗಳು ಆರುತ್ತಿದ್ದವು. ಕೈಗೆ ಸಿಕ್ಕಿದ್ದು ಗಿಳಿ. ಅದರ ಕತ್ತು ಮುರಿದು, ಪುಡಿಮಾಡಿ, ಅಕ್ಕನ ಕೆನ್ನೆಯ ಒಳಗೆ ಬೆರಳಿನಿಂದ ತಿಕ್ಕಿದೆ. ಮತ್ತೆ ಪುಡಿ. ಮತ್ತೆ. ಗೋಡೆಗೆ ಒರಗಿಸಿ, ನೀರಿನಲ್ಲಿ ಸಕ್ಕರೆ ಕಲಸಿ ತುಟಿಗೆ ಹಿಡಿದೆ. ಅರ್ಧ ಒಳಗೆ ಹೋಯಿತು, ಅರ್ಧ ಕತ್ತಿಗೆ ಇಳಿಯಿತು.

ಆಮೇಲೆ ಕಾಯುವುದು. ಮೆಷಿನ್ ಅಲ್ಲೇ ಗೂಡಿನಲ್ಲಿತ್ತು, ಮೂಕವಾಗಿ. ಎಣಿಸುವವರು ಯಾರೂ ಇಲ್ಲವಾದ್ದರಿಂದ ನಾನೇ ಎಣಿಸಿದೆ, ಇಂಗ್ಲಿಷಿನಲ್ಲಿ, ಗಟ್ಟಿಯಾಗಿ, ಫಾರ್ಟಿಫೈವ್, ಫಾರ್ಟಿಫೋರ್, ಫಾರ್ಟಿತ್ರೀ. ಸೊನ್ನೆಗೆ ಬಂದರೆ ಮತ್ತೆ ನಲವತ್ತೈದರಿಂದ. ಎಷ್ಟು ಸಲವೋ. ಮುಖ ಮಾತ್ರ ನೋಡುತ್ತಿದ್ದೆ. ಅಷ್ಟು ದಿನ ಅಕ್ಕ ನನ್ನ ಮುಖದಲ್ಲಿ ತಮ್ಮ ಅಂಕಿ ಓದುತ್ತಿದ್ದರು; ಈಗ ನಾನು ಅವರ ಮುಖದಲ್ಲಿ ಓದಬೇಕಾಗಿತ್ತು, ಮತ್ತು ನನಗೆ ಓದಲು ಬರುತ್ತಿರಲಿಲ್ಲ.

ಕೊನೆಗೆ ರೆಪ್ಪೆ ಅಲ್ಲಾಡಿತು. ತುಟಿ ಚಪ್ಪರಿಸಿದರು.

"ಅದೇನೇ ಮಂತ್ರ ಅದು?"

ನಾನು ಸಕ್ಕರೆ ನೀರನ್ನು ಮತ್ತೆ ಅವರ ತುಟಿಗೆ ಹಿಡಿದೆ.

"ಒಲೆ ನೋಡೇ ಇಂಗ್ಲೀಸವ್ವ, ಪಾಕ ಏರೋಯ್ತದೆ." ಆಮೇಲೆ ಬಾಯೊಳಗೆ ನಾಲಿಗೆ ಆಡಿಸಿ, "ಯಾವ್ದ ಕೊಟ್ಯೇ?"

"ಗಿಳಿ, ಅಕ್ಕ."

"ಆರೇಳು ವರ್ಸ ಆಗಿತ್ತು ಕಣವ್ವ ಅಚ್ಚು ಬಾಯಿಗಿಟ್ಟು," ಎಂದರು. "ಪಾಕ ಒಸಿ ಏರ್ಬುಟ್ಟದೆ."

ಹರಾಜಿನಿಂದ ಮರಳಿದ ಪಕ್ಕದ ಮನೆಯವರ ಟೆಂಪೋದಲ್ಲಿ ಅಕ್ಕನನ್ನು ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋದೆ. ಹೊಗೆಸೊಪ್ಪಿನ ಘಾಟಿನಲ್ಲಿ ಇಬ್ಬರೂ ಖಾಲಿ ಗೋಣಿಗಳ ಮೇಲೆ ಕುಳಿತಿದ್ದೆವು. ದಾರಿಯುದ್ದಕ್ಕೂ ಅವರ ಮಣಿಕಟ್ಟು ಹಿಡಿದು, ತಣ್ಣಗಾಯಿತೇ, ಮತ್ತೆ ತಣ್ಣಗಾಯಿತೇ ಎಂದು ನೋಡುತ್ತಲೇ ಇದ್ದೆ. ಡಾಕ್ಟರು ರಕ್ತ ನೋಡಿ, ಡ್ರಿಪ್ ಹಾಕಿ, ಮಾತ್ರೆಯ ಕಸುವು ಇನ್ನೂ ಇಳಿದಿಲ್ಲ, ಮತ್ತೆ ಬೀಳಬಹುದು, ನಾಳೆಯವರೆಗೆ ಇಲ್ಲೇ ಇರಲಿ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಾತ್ರೆ ಎಷ್ಟು ತಗೊಂಡ್ರು?"

ನಾನು ಹೇಳಲೆಂದೇ ಬಾಯಿ ತೆರೆದೆ. ಅಕ್ಕ ಮಲಗಿದಲ್ಲಿಂದಲೇ, "ನಾನೇ ಸಾ. ಅಬ್ಬದ ಗಲಾಟೇಲಿ ಮರ್ತು ಮರ್ತು ನುಂಗ್ಬುಟ್ಟೆ," ಎಂದರು.

ಡಾಕ್ಟರು ಅವರನ್ನು ಚೆನ್ನಾಗಿ ಬೈದರು. ಬುದ್ಧಿ ಇಲ್ಲವೇನಮ್ಮ, ಪ್ರಾಣ ಹೋಗುತ್ತಿತ್ತು, ಅಕ್ಷರ ಬಾರದಿದ್ದರೆ ಕೇಳಿ ನುಂಗಬಾರದೇ ಎಂದೆಲ್ಲ. ಅಕ್ಕ ಕಣ್ಣು ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಮುಗಿದ ಮೇಲೆ ಡಾಕ್ಟರು ನನಗೆ ಇಂಗ್ಲಿಷಿನಲ್ಲಿ, ನೀವು ಎಜುಕೇಟೆಡ್ ಆಗಿದ್ದಕ್ಕೆ ಸಕ್ಕರೆ ಕೊಟ್ಟು ಉಳಿಸಿದಿರಿ, ಎಂದರು.

ನಾನು "ಥ್ಯಾಂಕ್ಯೂ ಡಾಕ್ಟರ್" ಎಂದೆ.

ಈ ಎರಡು ಪದ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಅವತ್ತು ಡಾಕ್ಟರು ಆಚೆ ಹೋದ ಮೇಲೆ ನಾನು ಅತ್ತುಬಿಟ್ಟೆ. ಅಕ್ಕ, "ಸುಮ್ಕಿರು. ನಿನ್ ಕೈಲಿ ಮೆಸೀನು ಕಿತ್ಕಬುಟ್ರೆ ನಂಗ್ಯಾರು ನೋಡೋರು?" ಎಂದರು. ಅಷ್ಟೇ. ನಮ್ಮ ಯಜಮಾನರಿಗೂ ನಾನು ಹೇಳಲಿಲ್ಲ. ಹಬ್ಬದ ದಿನ ತಟ್ಟೆಯಲ್ಲಿ ಒಂದು ಗಿಳಿ ಕಡಿಮೆ ಇತ್ತು.

ಆಮೇಲೆ ನಾನು ಮೆಷಿನ್ ಡಬ್ಬಿ ತೆಗೆದರೆ ಸಾಕು, ಅಕ್ಕ ತಾವಾಗಿಯೇ ಬಚ್ಚಲಿಗೆ ಹೋಗುತ್ತಿದ್ದರು. ಬಂದು, ಎರಡೂ ಕೈ ಚಾಚಿ, ಮೊದಲು ಅಂಗೈ, ಆಮೇಲೆ ಮುಂಗೈ ತೋರಿಸಿ, "ನೋಡವ್ವ, ತೊಳ್ದಿವ್ನಿ," ಎನ್ನುತ್ತಿದ್ದರು. ಅದು ಅವರಿಗೆ ತಮಾಷೆ. ನನಗೆ ಪ್ರತಿ ಸಲವೂ ಗಿಣ್ಣಿಗೆ ಸ್ಕೇಲು. ಮತ್ತೂ ಹತ್ತಾರು ವರ್ಷ ಬಾಳಿ, ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದರು, ಎರಡೂ ಪಾದಗಳನ್ನು ಇಟ್ಟುಕೊಂಡೇ. ನಾನು ಮೊದಲು ನೋಡಿದ್ದು ಅದನ್ನೇ.

ಇಷ್ಟನ್ನು ಬರೆದು ಇಟ್ಟುಕೊಂಡು, ಈ ಭಾನುವಾರ ಚೇತನಾ ಬಂದಾಗ, ಹೊಸ ಗುಂಡಿ ಒತ್ತುವ ಮೊದಲೇ, "ಕೂತ್ಕೋ, ನಿಮ್ಮಜ್ಜಿಯ ವಿಷಯ ಒಂದು ಹೇಳಬೇಕು," ಎಂದು ಶುರುಮಾಡಿದೆ. ಇವಳು ಕಲಿತ ನರ್ಸು. ಹಳೆಯ ಡಾಕ್ಟರಿಗಿಂತ ಚೆನ್ನಾಗಿ ಬಲ್ಲಳು, ಆ ಮಾತ್ರೆ ಎಂಥದು, ಇನ್ನೊಂದು ನುಂಗಿಸಿದ್ದರೆ ಏನಾಗುತ್ತಿತ್ತೆಂದು. ಹೇಳುತ್ತ ಹೇಳುತ್ತ, ಅಕ್ಕ ಬೆರಳು ಚಾಚಿದಲ್ಲಿಗೆ ಬಂದಿದ್ದೆ.

"ಗಿಳಿ ಕತೆ ತಾನೆ?" ಎಂದಳು.

ನಾನು ಕನ್ನಡಕ ತೆಗೆದೆ.

"ಅಜ್ಜಿ ಪ್ರತಿ ಸಂಕ್ರಾಂತಿಗೂ ಹೇಳೋರು, ಚಿಕ್ಕಜ್ಜೀ. ನೀವು ಎಳ್ಳು ಬೀರೋಕೆ ಆಚೆ ಹೋದ್ಮೇಲೆ. ಚಿಕ್ಕತಾತಂಗೂ ಗೊತ್ತಿತ್ತು, ಎಲ್ರಿಗೂ ಗೊತ್ತು. ನಾನು ನರ್ಸಿಂಗಿಗೆ ಸೇರಿದ್ದೇ ಆ ಕತೆ ಕೇಳಿ."

"ನನಗೇಕೆ ಒಬ್ಬರೂ ಹೇಳಲಿಲ್ಲ?"

"ಅಜ್ಜಿ ಬಿಡ್ತಿರಲಿಲ್ಲ." ಚೇತನಾ ಅಕ್ಕನ ದನಿಯನ್ನೇ ತಂದುಕೊಂಡು ಹೇಳಿದಳು: "'ಅವ್ಳ ಮುಂದೆ ಎತ್ಬ್ಯಾಡಿ ಕಣ್ರಲಾ. ಸಾಯೋ ತರ ಇದ್ದೋಳು ನಾನು, ಎದ್ರಕಂಡಿದ್ದೋಳು ಅವ್ಳು.'"

ತೋಳಿಗೆ ಸ್ಪಿರಿಟ್ ಹತ್ತಿ ತಣ್ಣಗೆ ತಗುಲಿತು. ಹೊಸ ಗುಂಡಿ ಟಕ್ಕೆಂದು ಕಚ್ಚಿಕೊಂಡಿತು. ಒಂದು ಗಂಟೆ ಬೇಕು ಅದು ಮಾತಾಡಲು. ಅಷ್ಟು ಹೊತ್ತೂ ಫೋನು ಹಿಂದಕ್ಕೆ ಎಣಿಸುತ್ತದೆ, ಅರವತ್ತು, ಐವತ್ತೊಂಬತ್ತು. ನಾವಿಬ್ಬರೂ ಕಾಫಿ ಕುಡಿದೆವು, ನನ್ನದು ಸಕ್ಕರೆ ಇಲ್ಲದ್ದು. ಎಲ್ಲರಿಗೂ ಗೊತ್ತಿತ್ತು ಎಂದ ಮೇಲೆ ಎದೆ ಹಗುರಾಗಬೇಕಿತ್ತಲ್ಲವೇ? ಹಗುರಾಗಲಿಲ್ಲ. ಇನ್ನು ಹತ್ತು ನಿಮಿಷ ಇದೆ ಎಂದಾಗಲೇ ನಾನು ಎದ್ದು ಬಚ್ಚಲ ಕಡೆ ನಡೆದೆ.

"ಎಲ್ಲಿಗೆ ಚಿಕ್ಕಜ್ಜೀ?" ಎಂದು ಚೇತನಾ ಕೇಳಲಿಲ್ಲ. ಹಿಂದೆಯೇ ಬಂದು, ಒಣಗಿದ ಟವೆಲು ಹಿಡಿದುಕೊಂಡು ನಿಂತಳು. ನಾನು ತೊಳೆದ ಕೈಗಳನ್ನು ಅವಳ ಮುಂದೆ ಚಾಚಿದೆ, ಮೊದಲು ಅಂಗೈ, ಆಮೇಲೆ ಮುಂಗೈ.